ಪ್ರವಾಸದಲ್ಲಿ ಪ್ಯಾಡಲ್‌ಬೋರ್ಡಿಂಗ್: ಮೊದಲ ಖಾಸಗಿ ಪಾಠದ ಒಂದು ಗಂಟೆಯನ್ನು ಬಳಸಿಕೊಳ್ಳುವ ಬಗೆ

ಅಗಲವಾದ ಹಲಗೆಯ ಮೇಲೆ ನಿಂತು, ಆಳೆತ್ತರದ ಹುಟ್ಟು ಹಾಕುತ್ತ ನೀರಿನ ಮೇಲೆ ಸಾಗುವ ಸ್ಟ್ಯಾಂಡ್ ಅಪ್ ಪ್ಯಾಡಲ್‌ಬೋರ್ಡಿಂಗ್ ದಡದಲ್ಲಿ ಕುಳಿತು ನೋಡುವವರಿಗೆ ಬಹಳ ಸುಲಭವಾಗಿ ಕಾಣುತ್ತದೆ, ಮತ್ತು ಒಂದು ಹಂತದವರೆಗೆ ಅದು ಸುಲಭವೂ ಹೌದು. ನೀರು ನಿಶ್ಚಲವಾಗಿದ್ದು ಬೋರ್ಡು ಸಾಕಷ್ಟು ಅಗಲವಾಗಿದ್ದರೆ ಆರೋಗ್ಯವಂತರಾದ ಹೆಚ್ಚಿನ ವಯಸ್ಕರು ಮೊದಲ ದಿನವೇ ಎದ್ದು ನಿಂತು ನಾಲ್ಕು ಮಾರು ಸಾಗಬಲ್ಲರು. ಹಾಗಿದ್ದ ಮೇಲೆ ತಮ್ಮೊಬ್ಬರಿಗಾಗಿಯೇ ಬೋಧಕರನ್ನು ಗೊತ್ತುಮಾಡಿಕೊಳ್ಳುವ ಖರ್ಚು ಏಕೆ ಎಂಬ ಪ್ರಶ್ನೆ ಸಹಜ. ಬರಿಯ ನಿಲ್ಲುವುದಕ್ಕಾದರೆ ಆ ಖರ್ಚು ದಂಡವೆಂದೇ ನನ್ನ ಅಭಿಪ್ರಾಯ. ಬೀಳುವುದು, ಬಿದ್ದಲ್ಲಿಂದ ಮತ್ತೆ ಹತ್ತುವುದು, ಬೇಕೆಂದ ಕಡೆಗೆ ತಿರುಗುವುದು, ಗಾಳಿಯ ಮನಸ್ಸನ್ನು ಅರಿತು ದಡಕ್ಕೆ ಮರಳುವುದು, ಈ ನಾಲ್ಕನ್ನು ಪಕ್ಕದಲ್ಲೊಬ್ಬರು ನೋಡುತ್ತಿರುವಾಗ ಕಲಿಯಬೇಕೆನ್ನುವವರಿಗೆ ಮಾತ್ರ ಖಾಸಗಿ ಪಾಠ ತನ್ನ ಬೆಲೆಯನ್ನು ತೀರಿಸುತ್ತದೆ. ಆದ್ದರಿಂದ ಪಾಠ ಕಾಯ್ದಿರಿಸುವಾಗಲೇ ಬೋಧಕರಿಗೆ ಒಂದು ಮಾತು ಹೇಳಿಬಿಡಿ: ಪಾಠ ಮುಗಿಯುವ ಹೊತ್ತಿಗೆ ನೀವು ಬಾಡಿಗೆ ಬೋರ್ಡು ಪಡೆದು ಒಬ್ಬರೇ ನೀರಿಗಿಳಿಯುವಷ್ಟು ತಯಾರಾಗಿರಬೇಕು.

ಇಂಥ ಪಾಠವನ್ನು ಪ್ರವಾಸದ ಕೊನೆಯ ದಿನಕ್ಕೆ ಉಳಿಸಿಕೊಳ್ಳುವವರೇ ಹೆಚ್ಚು. ಅದು ತಪ್ಪು ಲೆಕ್ಕ. ಎರಡನೆಯ ಅಥವಾ ಮೂರನೆಯ ದಿನಕ್ಕೆ ಇಟ್ಟುಕೊಂಡರೆ ಪ್ರಯಾಣದ ಆಯಾಸವೂ ಕಳೆದಿರುತ್ತದೆ, ಗಾಳಿ ಎದ್ದರೆ ಮುಂದೂಡುವುದಕ್ಕೆ ದಿನಗಳೂ ಉಳಿದಿರುತ್ತವೆ, ಕಲಿತದ್ದನ್ನು ಮರುದಿನವೇ ಅಭ್ಯಾಸ ಮಾಡುವ ಅವಕಾಶವೂ ಸಿಗುತ್ತದೆ. ಹೊತ್ತು ಮಾತ್ರ ಬೆಳಗಿನದೇ ಆಗಿರಲಿ. ಬಿಸಿಲೇರಿದಂತೆ ನೆಲವು ನೀರಿಗಿಂತ ಬೇಗ ಕಾಯುತ್ತದೆ, ನೆಲದ ಮೇಲಿನ ಗಾಳಿ ಬಿಸಿಯಾಗಿ ಮೇಲೇರುತ್ತದೆ, ತೆರವಾದ ಆ ಜಾಗಕ್ಕೆ ನೀರಿನ ಕಡೆಯ ತಂಪು ಗಾಳಿ ನುಗ್ಗುತ್ತದೆ. ಕಡಲಿನಲ್ಲಾಗಲಿ ದೊಡ್ಡ ಸರೋವರದಲ್ಲಾಗಲಿ ಮಧ್ಯಾಹ್ನದ ನೀರು ಬೆಳಗಿನ ನೀರಿನಂತೆ ಇರದಿರುವುದಕ್ಕೆ ಇದೇ ಮುಖ್ಯ ಕಾರಣ. ಅವಧಿ ಒಂದರಿಂದ ಒಂದೂವರೆ ಗಂಟೆ ಇದ್ದರೆ ಸಾಕು, ಏಕೆಂದರೆ ಅದನ್ನು ಮೀರಿದರೆ ಹೊಸಬರ ಪಾದಗಳು ಕಲಿಯುವುದನ್ನು ನಿಲ್ಲಿಸಿ ದೂರು ಹೇಳಲು ಆರಂಭಿಸುತ್ತವೆ.

ಬೋಧಕರನ್ನು ಆರಿಸುವಾಗ ಇಂಟರ್‌ನ್ಯಾಷನಲ್ ಸರ್ಫಿಂಗ್ ಅಸೋಸಿಯೇಷನ್ ಅಥವಾ ಅಂಥದೇ ಮಾನ್ಯ ಸಂಸ್ಥೆಯ ಅರ್ಹತಾಪತ್ರವೂ ಜೀವರಕ್ಷಣೆ ಮತ್ತು ಪ್ರಥಮ ಚಿಕಿತ್ಸೆಯ ತರಬೇತಿಯೂ ಅವರಿಗಿದೆಯೇ ಎಂದು ಕೇಳಿ. ಗಾಳಿ ಜೋರಾದರೆ ಪಾಠವನ್ನು ಮುಂದೂಡುತ್ತಾರೆಯೇ, ಹಣ ಹಿಂತಿರುಗಿಸುತ್ತಾರೆಯೇ ಎಂಬುದನ್ನೂ ಕೇಳಿ. ಗಾಳಿಯ ಪ್ರಶ್ನೆಯನ್ನು ನಗುತ್ತ ತಳ್ಳಿಹಾಕುವವರ ಬಳಿ ಪಾಠ ಬೇಡ. ಇನ್ನೊಂದು ಪ್ರಶ್ನೆಯನ್ನು ಬಹಳ ಮಂದಿ ಕೇಳುವುದೇ ಇಲ್ಲ: ಬೋಧಕರು ತಮ್ಮದೇ ಬೋರ್ಡಿನ ಮೇಲೆ ನಿಮ್ಮ ಜೊತೆ ಬರುತ್ತಾರೆಯೋ, ದಡದಲ್ಲಿ ನಿಂತು ಕೂಗುತ್ತಾರೆಯೋ? ಈ ಆಟದ ಇಂದಿನ ರೂಪದ ಬೇರು ಇರುವುದೇ ಹವಾಯಿಯ ವೈಕಿಕಿ ಕಡಲತೀರದ ಸರ್ಫಿಂಗ್ ಬೋಧಕರಲ್ಲಿ. ಇಪ್ಪತ್ತನೆಯ ಶತಮಾನದ ನಡುವಿನಲ್ಲಿ ಅವರಲ್ಲಿ ಕೆಲವರು ಶಿಷ್ಯರ ಮೇಲೂ ಬರುವ ಅಲೆಗಳ ಮೇಲೂ ಕಣ್ಣಿಡುವುದಕ್ಕೆಂದು ತಮ್ಮ ಹಲಗೆಗಳ ಮೇಲೆ ನಿಂತು ಹುಟ್ಟು ಹಾಕುತ್ತಿದ್ದರು. ನಿಂತವರಿಗೆ ಕಲಿಯುವವರ ಕಾಲು, ಮಂಡಿ, ಕೈ ಎಲ್ಲವೂ ಚೆನ್ನಾಗಿ ಕಾಣುತ್ತವೆ. ಅದೇ ಅನುಕೂಲ ನಿಮಗೂ ಸಿಗಬೇಕು.

ಈಜು ಬಾರದಿದ್ದರೆ, ಭುಜ ಅಥವಾ ಮಂಡಿಯ ಹಳೆಯ ನೋವಿದ್ದರೆ, ತಲೆಸುತ್ತು, ಉಬ್ಬಸ, ಗರ್ಭಧಾರಣೆ ಮುಂತಾದ ಸಂಗತಿಗಳಿದ್ದರೆ ಮುಂಚಿತವಾಗಿಯೇ ತಿಳಿಸಬೇಕು. ನಿಮ್ಮ ತೂಕವನ್ನು ಕೇಳಿದರೆ ಸಂಕೋಚಪಟ್ಟು ಕಡಿಮೆ ಹೇಳಬೇಡಿ, ಬೋರ್ಡಿನ ಆಯ್ಕೆ ನಿಂತಿರುವುದೇ ಅದರ ಮೇಲೆ. ಹೊಸಬರಿಗೆ ಸಾಮಾನ್ಯವಾಗಿ 10ರಿಂದ 11 ಅಡಿ ಉದ್ದದ, 32ರಿಂದ 34 ಅಂಗುಲ ಅಗಲದ ಬೋರ್ಡನ್ನು ಕೊಡುತ್ತಾರೆ, ಮತ್ತು ಅದರಲ್ಲಿ ಸಮತೋಲವನ್ನು ಕಾಯುವುದು ಉದ್ದಕ್ಕಿಂತ ಮುಖ್ಯವಾಗಿ ಅಗಲ. ಗಾಳಿ ತುಂಬುವ ಬಗೆಯ ಬೋರ್ಡಾದರೆ ಅದು ಬಿಗಿಯಾಗಿರಬೇಕು. ನಡುವೆ ನಿಂತಾಗ ಬಾಳೆಹಣ್ಣಿನಂತೆ ಬಾಗುವ ಬೋರ್ಡಿನ ಮೇಲೆ ನುರಿತವರೂ ತಡಬಡಾಯಿಸುತ್ತಾರೆ.

ಉಡುಪಿನ ವಿಷಯದಲ್ಲಿ ಹೆಚ್ಚು ಹೇಳಬೇಕಾದದ್ದಿಲ್ಲ. ನೀರಿನಲ್ಲಿ ಭಾರವಾಗದ, ಬೇಗ ಒಣಗುವ, ತುಂಬುತೋಳಿನ ಬಟ್ಟೆ ಒಳ್ಳೆಯದು. ಹತ್ತಿಯ ಬಟ್ಟೆ ಬೇಡ. ಬಿಸಿಲು ಮೇಲಿನಿಂದಲೂ ಬೀಳುತ್ತದೆ, ನೀರಿನಿಂದ ಪುಟಿದು ಕೆಳಗಿನಿಂದಲೂ ತಾಗುತ್ತದೆ, ಹಾಗಾಗಿ ಸನ್‌ಸ್ಕ್ರೀನನ್ನು ಗಲ್ಲದ ಕೆಳಗೂ ಕಿವಿಯ ಹಿಂದೆಯೂ ಪಾದದ ಮೇಲೂ ಹಚ್ಚಿಕೊಳ್ಳಬೇಕು. ಅಂಗಾಲಿಗೆ ಮಾತ್ರ ಹಚ್ಚಬಾರದು, ಜಾರುತ್ತದೆ. ಕನ್ನಡಕಕ್ಕೆ ಹಿಂದಿನಿಂದ ದಾರ ಕಟ್ಟಿಕೊಳ್ಳಿ, ಉಂಗುರ ಮತ್ತು ಸರಗಳನ್ನು ಕೋಣೆಯಲ್ಲೇ ಬಿಡಿ. ನೀರು ತಣ್ಣಗಿರುವ ಊರಾದರೆ ಬಟ್ಟೆಯನ್ನು ಹೊರಗಿನ ಬಿಸಿಲಿಗಾಗಿ ಆರಿಸದೆ ಒಳಗಿನ ನೀರಿಗಾಗಿ ಆರಿಸಬೇಕು, ಏಕೆಂದರೆ ತಣ್ಣೀರಿಗೆ ಹಠಾತ್ತನೆ ಬಿದ್ದಾಗ ಉಸಿರು ತನ್ನಿಂತಾನೇ ಎಳೆದುಕೊಳ್ಳುತ್ತದೆ, ಒಳ್ಳೆಯ ಈಜುಗಾರರೂ ಆ ಮೊದಲ ಕ್ಷಣಗಳಲ್ಲಿ ನೀರು ಕುಡಿಯುತ್ತಾರೆ. ಲೈಫ್ ಜಾಕೆಟ್ ಎಲ್ಲರಿಗೂ ಇರಲಿ. ಬೋರ್ಡಿಗೂ ಕಾಲಿಗೂ ನಡುವೆ ಕಟ್ಟುವ ಲೀಶ್ ಎಂಬ ಹಗ್ಗ ಅದಕ್ಕಿಂತಲೂ ಅಗತ್ಯ. ಬಿದ್ದವರಿಗೆ ತೇಲುವ ಅತಿ ದೊಡ್ಡ ಆಸರೆ ಬೋರ್ಡೇ, ಮತ್ತು ಹಗ್ಗವಿಲ್ಲದ ಬೋರ್ಡನ್ನು ಗಾಳಿಯು ನಾವು ಈಜುವುದಕ್ಕಿಂತ ವೇಗವಾಗಿ ಒಯ್ಯಬಲ್ಲದು. ಹರಿಯುವ ನದಿಯಲ್ಲಿ ಮಾತ್ರ ಕಾಲಿನ ಲೀಶ್ ಅಪಾಯಕಾರಿ, ಬೇರಿಗೋ ಕೊಂಬೆಗೋ ಸಿಕ್ಕಿಕೊಂಡರೆ ಹರಿವಿನ ಒತ್ತಡದಲ್ಲಿ ಕೈ ಕಾಲನ್ನು ಮುಟ್ಟಲಾರದು. ಅಲ್ಲಿ ಸೊಂಟಕ್ಕೆ ಕಟ್ಟಿ ಒಂದೇ ಎಳೆತಕ್ಕೆ ಬಿಚ್ಚಿಕೊಳ್ಳುವ ಬಗೆಯದೇ ಬೇಕು.

ನೀರಿಗಿಳಿಯುವ ಮುನ್ನ ದಡದಲ್ಲಿ ಹತ್ತು ನಿಮಿಷ ಕಳೆಯುವುದಕ್ಕೆ ಬೇಸರಪಡಬಾರದು. ಪ್ಯಾಡಲನ್ನು, ಅಂದರೆ ಹುಟ್ಟುಗೋಲನ್ನು, ನೆಟ್ಟಗೆ ನಿಲ್ಲಿಸಿ ಕೈಯನ್ನು ಮೇಲೆತ್ತಿದಾಗ ಅದರ ಹಿಡಿ ಮಣಿಕಟ್ಟಿನ ಹತ್ತಿರ ಬಂದರೆ ಉದ್ದ ಸರಿಯಾಗಿದೆ, ಅಂದರೆ ಅದು ನಿಮಗಿಂತ ಸುಮಾರು 8ರಿಂದ 10 ಅಂಗುಲ ಎತ್ತರವಿರುತ್ತದೆ. ಪ್ಯಾಡಲಿನ ಅಲಗು ಕೋಲಿನಿಂದ ತುಸು ಬಾಗಿರುತ್ತದೆ, ಆ ಬಾಗು ಬೋರ್ಡಿನ ಮೂತಿಯ ಕಡೆಗೆ, ಎಂದರೆ ನಿಮ್ಮಿಂದ ಆಚೆಗೆ ಇರಬೇಕು. ಚಮಚದಂತೆ ನೀರನ್ನು ಮೊಗೆಯಬೇಕೆಂದುಕೊಂಡು ಹೊಸಬರು ಅದನ್ನು ತಿರುಗಾಮುರುಗಾ ಹಿಡಿಯುತ್ತಾರೆ. ಬಾಡಿಗೆ ಬೋರ್ಡುಗಳ ಮೇಲೆ ನಿಂತ ಹತ್ತು ಜನರನ್ನು ನೋಡಿದರೆ ಒಬ್ಬಿಬ್ಬರಾದರೂ ಹೀಗೆ ಹಿಡಿದಿರುವುದು ಕಾಣುತ್ತದೆ. ಒಂದು ಕೈ ತುದಿಯ ಹಿಡಿಯ ಮೇಲೆ, ಇನ್ನೊಂದು ಕೋಲಿನ ಮೇಲೆ ಇರಬೇಕು, ಪ್ಯಾಡಲನ್ನು ತಲೆಯ ಮೇಲಿಟ್ಟಾಗ ಎರಡೂ ಮೊಣಕೈಗಳು ಲಂಬಕೋನದಲ್ಲಿ ಮಡಚಿದ್ದರೆ ಕೈಗಳ ಅಂತರ ಸರಿಯಾಗಿದೆ ಎಂದು ತಿಳಿಯಬಹುದು.

ಬೋರ್ಡನ್ನು ಮಂಡಿಯಾಳದ ನೀರಿಗೆ ಒಯ್ದು, ಬಾಲದ ಕೆಳಗಿರುವ ಫಿನ್ ಎಂಬ ರೆಕ್ಕೆ ನೆಲಕ್ಕೆ ತಾಗುತ್ತಿಲ್ಲವೆಂದು ನೋಡಿಕೊಂಡು, ನಡುವಿನ ಹಿಡಿಯ ಎರಡೂ ಬದಿಗೆ ಮಂಡಿಯೂರಿ ಕುಳಿತುಕೊಳ್ಳಿ. ಮೊದಲ ಹತ್ತು ನಿಮಿಷ ಹೀಗೆಯೇ ಸಾಗಿ. ಇದು ಮಕ್ಕಳಾಟವಲ್ಲ, ಗಾಳಿ ಎದ್ದಾಗಲೂ ದೋಣಿಯೊಂದು ಅಲೆಯೆಬ್ಬಿಸಿ ಹೋದಾಗಲೂ ನೀವು ಮರಳಬೇಕಾದ ಭಂಗಿ ಇದೇ. ನೀರು ಸೊಂಟಕ್ಕಿಂತ ಆಳವಾದ ಮೇಲೆ ಪ್ಯಾಡಲನ್ನು ಮುಂದೆ ಅಡ್ಡಲಾಗಿ ಇಟ್ಟು, ಎರಡೂ ಕೈಗಳನ್ನು ಬೋರ್ಡಿಗೆ ಊರಿ, ಮಂಡಿಗಳಿದ್ದ ಜಾಗಕ್ಕೇ ಒಂದೊಂದಾಗಿ ಪಾದಗಳನ್ನು ತಂದು, ಎದೆಯನ್ನು ಮೊದಲು ಎತ್ತುತ್ತ ನಿಧಾನವಾಗಿ ಏಳಬೇಕು. ಪಾದಗಳು ಭುಜದಷ್ಟು ಅಗಲಕ್ಕೆ, ಬೆರಳುಗಳು ಮುಂದಕ್ಕೆ, ಮಂಡಿ ತುಸು ಸಡಿಲ, ನೋಟ ದೂರದ ಅಂಚಿನ ಮೇಲೆ. ಕಣ್ಣು ಪಾದದ ಮೇಲೆ ಬಿದ್ದೊಡನೆ ತಲೆ ಬಾಗುತ್ತದೆ, ತಲೆಯ ಹಿಂದೆ ಉಳಿದ ಮೈಯೂ ಹೋಗುತ್ತದೆ. ಎದ್ದ ಮೇಲೆ ಹೆದರಿ ಸುಮ್ಮನೆ ನಿಲ್ಲದೆ ತಕ್ಷಣ ಹುಟ್ಟು ಹಾಕಲು ಆರಂಭಿಸಿ, ಏಕೆಂದರೆ ಸೈಕಲ್ಲಿನಂತೆ ಬೋರ್ಡು ಕೂಡ ಚಲಿಸುವಾಗಲೇ ಸ್ಥಿರ, ಮತ್ತು ನೀರಿನಲ್ಲಿ ಮುಳುಗಿರುವ ಅಲಗು ಮೂರನೆಯ ಕಾಲಿನಂತೆ ಆಸರೆ ಕೊಡುತ್ತದೆ. ಕಾಲು ನಡುಗಿದರೆ ಗಾಬರಿ ಬೇಡ. ಬೆರಳುಗಳಿಂದ ಬೋರ್ಡನ್ನು ಕಚ್ಚಿ ಹಿಡಿದಿದ್ದರಿಂದ ಪಾದ ಜೋಮು ಹಿಡಿದಿದ್ದರೆ ಬೆರಳುಗಳನ್ನು ಒಂದೊಂದಾಗಿ ಎತ್ತಿ ಬಿಡಿ, ಅಥವಾ ಸ್ವಲ್ಪ ಹೊತ್ತು ಮಂಡಿಯೂರಿ.

ಇನ್ನು ಬೀಳುವುದು. ಪಾಠದ ಪೂರ್ತಿ ಒಮ್ಮೆಯೂ ಬೀಳದೆ ಒಣಗಿದ ಬಟ್ಟೆಯಲ್ಲಿ ದಡಕ್ಕೆ ಮರಳಿದವರು ಹೆಮ್ಮೆಪಡುತ್ತಾರೆ, ಆದರೆ ಅವರು ಪಾಠದ ಅರ್ಧವನ್ನು ಕೈಬಿಟ್ಟು ಬಂದಿರುತ್ತಾರೆ, ಮತ್ತು ಆ ಅರ್ಧವನ್ನು ಮುಂದೆ ಒಬ್ಬರೇ ಇರುವಾಗ ಕಲಿಯಬೇಕಾಗುತ್ತದೆ. ನಿಂತು ಐದು ನಿಮಿಷವಾದ ಮೇಲೆ ಬೋಧಕರಿಗೆ ಹೇಳಿ, ಬೇಕೆಂದೇ ನಾಲ್ಕೈದು ಬಾರಿ ಬೀಳಿ. ಬೋರ್ಡಿನಿಂದ ದೂರಕ್ಕೆ, ಪಕ್ಕಕ್ಕೆ ಅಥವಾ ಹಿಂದಕ್ಕೆ, ಮೈ ಚಪ್ಪಟೆಯಾಗಿ ನೀರಿನ ಮೇಲ್ಪದರದಲ್ಲೇ ಉಳಿಯುವಂತೆ ಬೀಳಬೇಕು. ತಳ ಎಷ್ಟು ಆಳದಲ್ಲಿದೆಯೆಂದು ಗೊತ್ತಿಲ್ಲದ ಕಡೆ ತಲೆ ಮುಂದಾಗಿ ಧುಮುಕುವುದು ಕತ್ತಿಗೆ ತರುವ ಅಪಾಯ ದೊಡ್ಡದು. ಬೀಳುವ ಗಳಿಗೆಯಲ್ಲಿ ಬೋರ್ಡಿನ ಅಂಚನ್ನು ತಬ್ಬಿಕೊಳ್ಳಲು ಹೋದರೆ ಪಕ್ಕೆಲುಬೋ ದವಡೆಯೋ ಬಡಿಯುತ್ತದೆ, ಆದ್ದರಿಂದ ಆಗಲೇ ಹೋಗಿಬಿಟ್ಟ ಸಮತೋಲವನ್ನು ಉಳಿಸಿಕೊಳ್ಳುವ ಆಸೆ ಬಿಡಬೇಕು. ಮೇಲೆ ಬಂದ ಮೇಲೆ ಪ್ಯಾಡಲ್ ಕೈತಪ್ಪಿದ್ದರೆ ಅದರ ಹಿಂದೆ ಈಜಬೇಡಿ, ಮೊದಲು ಬೋರ್ಡು. ಬೋರ್ಡಿನ ಮೇಲೆ ಬೋರಲು ಮಲಗಿ ಕೈಗಳಿಂದ ನೀರು ತಳ್ಳುತ್ತ ಹೋದರೆ ತೇಲುತ್ತಿರುವ ಪ್ಯಾಡಲ್ ಸುಲಭವಾಗಿ ಸಿಗುತ್ತದೆ.

ಮತ್ತೆ ಹತ್ತುವಾಗ ತೋಳಿನ ಬಲವನ್ನು ನೆಚ್ಚಿದವರು ಸೋಲುತ್ತಾರೆ. ಬೋರ್ಡಿನ ಪಕ್ಕದಲ್ಲಿ ನಡುಭಾಗಕ್ಕೆ ಬಂದು, ಒಂದು ಕೈಯಿಂದ ನಡುವಿನ ಹಿಡಿಯನ್ನು ಹಿಡಿದು, ಕಾಲುಗಳು ಬೋರ್ಡಿನ ಕೆಳಗೆ ತೂಗಾಡದೆ ನೀರಿನ ಮೇಲ್ಮೈಗೆ ಬರುವವರೆಗೆ ಹಿಂದಕ್ಕೆ ಒದೆಯಬೇಕು. ಮೈ ಮಲಗಿದಂತಾದ ಮೇಲೆ ಒಂದು ಜೋರಿನ ಒದೆತದೊಂದಿಗೆ ಎದೆಯನ್ನು ಬೋರ್ಡಿನ ಮೇಲೆ ಜಾರಿಸಿಕೊಂಡರೆ ಹೊಟ್ಟೆಯ ಮೇಲೆ ಮಲಗಿದ ಸ್ಥಿತಿ ಬರುತ್ತದೆ. ಅಲ್ಲಿಂದ ಕಾಲುಗಳನ್ನು ಹೊರಳಿಸಿಕೊಂಡು ಮಂಡಿಗೆ, ಮಂಡಿಯಿಂದ ಪಾದಕ್ಕೆ. ಹೀಗೆ ಹತ್ತಲಾಗದಿದ್ದರೆ ಬಾಲದ ಕಡೆಯಿಂದ, ಅದನ್ನು ಮೈಕೆಳಗೆ ಅದುಮಿ, ಹತ್ತುವ ದಾರಿಯಿದೆ. ಕಾಲು ನೆಲಕ್ಕೆ ತಾಗದ ನೀರಿನಲ್ಲಿ ಇದನ್ನು ಮೂರು ಬಾರಿ ಬೆನ್ನುಬೆನ್ನಿಗೆ ಮಾಡಿ ತೋರಿಸುವವರೆಗೆ ಮುಂದಿನ ಪಾಠಕ್ಕೆ ಹೋಗದಿರುವುದು ಲೇಸು. ನಾಲ್ಕನೆಯ ಬಾರಿಗೆ ತೋಳು ಸೋತರೆ ಅದೂ ಒಂದು ಉಪಯುಕ್ತ ಸುದ್ದಿಯೇ, ಒಬ್ಬರೇ ಹೋದಾಗ ದಡದಿಂದ ಎಷ್ಟು ದೂರ ಹೋಗಬಹುದೆಂಬುದನ್ನು ಅದು ಹೇಳುತ್ತದೆ.

ಮುಂದಕ್ಕೆ ಸಾಗುವ ಹುಟ್ಟಿನಲ್ಲಿ ನೆನಪಿಡಬೇಕಾದದ್ದು ಕಡಿಮೆ. ಅಲಗನ್ನು ಪಾದಗಳಿಗಿಂತ ಸಾಕಷ್ಟು ಮುಂದೆ ಪೂರ್ತಿಯಾಗಿ ಮುಳುಗಿಸಿ, ಕೋಲನ್ನು ಬೋರ್ಡಿನ ಅಂಚಿಗೆ ಹತ್ತಿರ ಇಟ್ಟು, ಪಾದದವರೆಗೆ ಎಳೆದು ಹೊರತೆಗೆಯಿರಿ. ಪಾದವನ್ನು ದಾಟಿ ಎಳೆದರೆ ವೇಗ ಹೆಚ್ಚುವುದಿಲ್ಲ, ಬೋರ್ಡಿನ ಮೂತಿ ತಿರುಗುತ್ತದೆ ಅಷ್ಟೆ. ಶಕ್ತಿ ಸೊಂಟ ಮತ್ತು ಬೆನ್ನಿನಿಂದ ಬರಬೇಕು. ಮರುದಿನ ಬರೀ ತೋಳುಗಳು ನೋಯುತ್ತಿದ್ದರೆ ಎಳೆತ ತಪ್ಪಿತ್ತೆಂದು ಅರ್ಥ. ನಾಲ್ಕೈದು ಹುಟ್ಟುಗಳಿಗೊಮ್ಮೆ ಬದಿ ಬದಲಿಸಬೇಕು, ಬದಲಿಸುವಾಗ ಕೈಗಳ ಜಾಗವೂ ಬದಲಾಗಬೇಕು: ಬಲಬದಿಗೆ ಹುಟ್ಟು ಹಾಕುವಾಗ ಎಡಗೈ ಹಿಡಿಯ ಮೇಲೆ, ಎಡಬದಿಗೆ ಬಲಗೈ. ತಿರುಗುವುದಕ್ಕೆ ಎರಡು ಉಪಾಯಗಳು ಸಾಕು. ಮಂಡಿ ಬಗ್ಗಿಸಿ, ಮೂತಿಯ ಬಳಿಯಿಂದ ಬಾಲದವರೆಗೆ ಅಲಗಿನಿಂದ ದೊಡ್ಡ ಅರೆವೃತ್ತವನ್ನು ಎಳೆದರೆ ಬೋರ್ಡು ಎದುರು ಬದಿಗೆ ತಿರುಗುತ್ತದೆ. ಬಾಲದ ಬಳಿ ಅಲಗನ್ನು ಇಳಿಸಿ ಮುಂದಕ್ಕೆ ತಳ್ಳಿದರೆ ವೇಗ ತಗ್ಗಿ, ಬೋರ್ಡು ಹುಟ್ಟು ಹಾಕಿದ ಬದಿಗೇ ತಿರುಗುತ್ತದೆ. ಬೋರ್ಡಿನ ಬಾಲದ ಕಡೆಗೆ ಹೆಜ್ಜೆಯಿಟ್ಟು ಗಿರಕಿ ಹೊಡೆಯುವ ತಿರುವನ್ನು ಬೋಧಕರು ಮಾಡಿ ತೋರಿಸಿದರೆ ಮೆಚ್ಚಿಕೊಳ್ಳಿ, ಮೊದಲ ದಿನ ಅನುಕರಿಸಬೇಡಿ.

ಗಾಳಿಯ ವಿಷಯಕ್ಕೆ ಕೊನೆಯ ಪಕ್ಷ ಕಾಲು ಗಂಟೆ ಮೀಸಲಿಡಬೇಕೆಂದು ನಾನು ಒತ್ತಾಯಿಸುತ್ತೇನೆ, ಏಕೆಂದರೆ ಹೊಸಬರನ್ನು ತೊಂದರೆಗೆ ಸಿಲುಕಿಸುವುದು ಅಲೆಗಿಂತ ಹೆಚ್ಚಾಗಿ ಗಾಳಿ. ನಿಂತ ಮನುಷ್ಯ ಒಂದು ಹಾಯಿಪಟವಿದ್ದಂತೆ. ಗಾಳಿ ಎತ್ತ ಬೀಸುತ್ತದೆಯೋ ಅತ್ತ ಸಾಗುವಾಗ ಅದರ ಇರವೇ ಗೊತ್ತಾಗುವುದಿಲ್ಲ, ಮರಳಲು ಮೂತಿ ತಿರುಗಿಸಿದಾಗಲೇ ಅದು ಎದೆಗೆ ಬಂದು ತಾಗುತ್ತದೆ. ನೆಲದಿಂದ ನೀರಿನ ಕಡೆಗೆ ಬೀಸುವ ಗಾಳಿ ಎಲ್ಲಕ್ಕಿಂತ ವಂಚಕ: ದಡದ ಮರಗಳೂ ದಿಬ್ಬಗಳೂ ಮರೆಯಾಗುವುದರಿಂದ ಹತ್ತಿರದ ನೀರು ಕನ್ನಡಿಯಂತಿರುತ್ತದೆ, ಆಚೆಗೆ ಹೋದ ಮೇಲೆ ಅದೇ ಗಾಳಿ ಬೋರ್ಡನ್ನು ಒಳಗೊಳಗೆ ಒಯ್ಯುತ್ತದೆ. ಗಾಳಿಯ ವೇಗ 10 ನಾಟ್, ಅಂದರೆ ಗಂಟೆಗೆ ಸುಮಾರು 18 ಕಿಲೋಮೀಟರ್ ಮುಟ್ಟುವ ಹೊತ್ತಿಗೆ ತೆರೆದ ನೀರಿನ ಮೇಲೆ ಅಲ್ಲಲ್ಲಿ ಬಿಳಿ ನೊರೆಯ ಚುಕ್ಕೆಗಳು ಕಾಣಿಸಿಕೊಳ್ಳುತ್ತವೆ. ಅವು ಕಂಡರೆ ಹೊಸಬರು ದಡ ಬಿಡಬಾರದು. ಪಾಠದಲ್ಲಿ ಮೊದಲು ಗಾಳಿಗೆ ಎದುರಾಗಿ ಹೋಗಿ, ದಣಿದ ಮೇಲೆ ಗಾಳಿಯೊಡನೆ ಮರಳುವ ಕ್ರಮವನ್ನು ರೂಢಿಸಿಕೊಳ್ಳಿ. ಗಾಳಿ ಇದ್ದಕ್ಕಿದ್ದಂತೆ ಎದ್ದರೆ ಮೊದಲು ಮಂಡಿಯೂರಬೇಕು, ಅದೂ ಸಾಲದಿದ್ದರೆ ಪ್ಯಾಡಲನ್ನು ಎದೆಯಡಿಗೆ ಸಿಕ್ಕಿಸಿಕೊಂಡು ಬೋರಲು ಮಲಗಿ ಕೈಗಳಿಂದ ಸಾಗಬೇಕು. ಏನೇ ಆದರೂ ಬೋರ್ಡನ್ನು ಬಿಟ್ಟು ಈಜಲು ಹೊರಡಬಾರದು. ಇದನ್ನು ಬಾಯಿಮಾತಿನಲ್ಲಿ ಕೇಳಿ ಮುಗಿಸದೆ, ಮಲಗಿ ಐವತ್ತು ಮೀಟರ್ ಸಾಗಿ ನೋಡಿ. ಎಷ್ಟು ನಿಧಾನವೆಂಬುದು ಆಗ ತಿಳಿಯುತ್ತದೆ.

ಉಳಿದ ಕೊನೆಯ ಹತ್ತು ನಿಮಿಷ ಬೋಧಕರು ಮಾತಾಡದೆ ಹಿಂದೆ ಬರಲಿ. ಎಲ್ಲಿಗೆ ಹೋಗಿ ಎಲ್ಲಿ ತಿರುಗಬೇಕೆಂಬುದನ್ನು ನೀವೇ ತೀರ್ಮಾನಿಸಿ, ಒಂದು ಸುತ್ತು ಹಾಕಿ, ಅವರು ತಿದ್ದಬೇಕಾದದ್ದನ್ನು ದಡಕ್ಕೆ ಬಂದ ಮೇಲೆ ಹೇಳಲಿ. ಮರುದಿನ ಒಬ್ಬರೇ ಇಳಿಯಲು ಈ ಜಾಗ ಯಾವ ಹೊತ್ತಿನವರೆಗೆ ಸುರಕ್ಷಿತ, ಉಬ್ಬರವಿಳಿತ ಹೇಗೆ, ದೋಣಿಗಳ ದಾರಿ ಯಾವುದು, ಯಾವ ಗುರುತನ್ನು ದಾಟಬಾರದು ಎಂಬುದನ್ನೂ ಆಗಲೇ ಕೇಳಿಕೊಳ್ಳಿ. ದಡ ಸಮೀಪಿಸುವಾಗ ನಿಂತೇ ಬರುವ ಚಪಲ ಬೇಡ. ಆಳ ಕಡಿಮೆಯಾದಂತೆ ಫಿನ್ ಮರಳಿಗೆ ಕಚ್ಚಿ ಬೋರ್ಡು ಗಕ್ಕನೆ ನಿಲ್ಲುತ್ತದೆ, ಸವಾರರು ಮಾತ್ರ ನಿಲ್ಲದೆ ಮುಂದಕ್ಕೆ ಹೋಗುತ್ತಾರೆ. ನೀರು ಸೊಂಟದಾಳ ಇರುವಾಗಲೇ ಮಂಡಿಯೂರಿ, ಮಂಡಿಯಾಳದಲ್ಲಿ ಪಕ್ಕಕ್ಕೆ ಇಳಿದು, ಸಣ್ಣ ಅಲೆಯಿದ್ದರೂ ಬೋರ್ಡು ನಿಮಗೂ ದಡಕ್ಕೂ ನಡುವೆ ಇರುವಂತೆ ಹಿಡಿದುಕೊಂಡು ನಡೆದು ಬನ್ನಿ. ಲೀಶನ್ನು ಬಿಚ್ಚುವುದು ಎರಡೂ ಪಾದಗಳು ಒಣ ನೆಲದ ಮೇಲೆ ಬಂದ ನಂತರ.