ಸಾಹೇಬರಿಗೆ ಪ್ರಶ್ನೆ ಬರೆದುಕೊಟ್ಟ ಕಥೆ

‘ಸ್ವೀಕೃತಿ ಕಡತದಲ್ಲಿ ಲಭ್ಯವಿರುವುದಿಲ್ಲ.’ ಕಾಡಿನ ಜಾಗಕ್ಕೆ ಹಕ್ಕು ಕೇಳಿದವರ ಅರ್ಜಿ ತಿರಸ್ಕಾರವಾದ ಬಗ್ಗೆ ಸದನದಲ್ಲಿ ಕೇಳಿಸಿದ ನಮ್ಮ ಪ್ರಶ್ನೆಯ (ಆ) ಭಾಗಕ್ಕೆ, ಅಂದರೆ ಆ ಆದೇಶ ಅವರ ಕೈಗೆ ಮುಟ್ಟಿದ್ದಕ್ಕೆ ಸಹಿ ಇದೆಯೇ ಅನ್ನುವುದಕ್ಕೆ, ಬಂದ ಉತ್ತರ ಇಷ್ಟೇ. ಇಷ್ಟನ್ನು ಬರೆಸಿಕೊಳ್ಳಲು ನನಗೆ ನಾಲ್ಕು ವರ್ಷ ಹಿಡಿಯಿತು.

ನಾನು ಶಿರಸಿಯಲ್ಲಿ ವಕೀಲ. ನನ್ನ ಸೀನಿಯರ್ ವಕೀಲರು, ನಮ್ಮ ಸಾಹೇಬರು, ಶಾಸಕರಾದ ಮೇಲೆ ಸದನದ ಪ್ರಶ್ನೆ ಬರೆಯುವ ಕೆಲಸ ನನ್ನ ತಲೆಗೆ ಬಂತು. ಬಾರ್ ರೂಮಿನಲ್ಲಿ ನಕ್ಕರು. ‘ಎಂತ ಮಾರಾಯ, ಪ್ರಶ್ನೆ ಕೇಳಿ ಯಾರಿಗೆ ಜಾಗ ಸಿಕ್ಕಿದೆ? ಸಾಹೇಬ್ರಿಗೆ ನಾಲ್ಕು ರಸ್ತೆ ಮಾಡ್ಸೋಕೆ ಹೇಳು’ ಅಂದರು ಭಟ್ಟರು. ಅವರದ್ದೂ ಪೂರ್ತಿ ತಪ್ಪಲ್ಲ. ವರ್ಷಕ್ಕೆ 2 ಕೋಟಿಯ ಶಾಸಕರ ನಿಧಿ ಜನರ ಕಣ್ಣಿಗೆ ಕಾಣುತ್ತದೆ.

ಮೊದಲ ಪ್ರಶ್ನೆಯನ್ನು ದಾವೆಯ ಹಾಗೆ ಬರೆದೆ, ಎರಡು ಪುಟ. ವಾಪಸ್ ಬಂತು. ಎರಡನೆಯದು ಕಾರವಾರದ ಸೀಬರ್ಡ್ ನೌಕಾನೆಲೆಗೆ ಹೋದ ಭೂಮಿಯ ಪರಿಹಾರದ್ದು. ವಿಷಯ ಕೋರ್ಟಿನಲ್ಲಿದೆ ಅಂತ ತಳ್ಳಿದರು. ವಕೀಲನಾಗಿ ಅದನ್ನೇ ಮರೆತಿದ್ದೆ! ಸಾಹೇಬರು ಒಂದು ವಾರ ಮಾತಾಡಿಸಲಿಲ್ಲ. ಮೂರನೆಯದಕ್ಕೆ ‘ಮಾಹಿತಿ ಸಂಗ್ರಹಿಸಲಾಗುತ್ತಿದೆ’ ಅಂತ ಬಂತು.

ಒಂದು ಮಳೆಗಾಲ ಪೂರ್ತಿ ಸದನದ ಹಳೆಯ ನಡಾವಳಿ ಓದಿದೆ. ದೊಡ್ಮನೆ ರಾಮಕೃಷ್ಣ ಹೆಗಡೆಯವರೂ ವಕೀಲಿಯಿಂದಲೇ ರಾಜಕೀಯಕ್ಕೆ ಹೋದವರಲ್ವಾ, 1957ರಲ್ಲಿ ಶಾಸಕರಾದರು. ಅವರ ಹೆಸರು ಹುಡುಕುತ್ತಾ ಹೋದವನಿಗೆ ಬೇರೆಯದೇ ಸಿಕ್ಕಿತು. ಆಗಿನ ಎಷ್ಟೋ ಪ್ರಶ್ನೆಗಳು ಎರಡೇ ಸಾಲು. ನಮ್ಮ ವಕೀಲರು ಸದನಕ್ಕೆ ಹೋದರೆ ವಾದ ಮಾಡುತ್ತಾರೆ. ಅಲ್ಲಿ ಬೇಕಿರುವುದು ಪಾಟಿಸವಾಲು. ಉತ್ತರ ಗೊತ್ತಿಲ್ಲದ ಪ್ರಶ್ನೆ ಸಾಕ್ಷಿಗೆ ಕೇಳಬೇಡ ಅಂತ ಜೂನಿಯರುಗಳಿಗೆ ಬೈಯುವವನು ನಾನೇ.

ಹಾಗಾಗಿ ಮೊದಲು ಆರ್‌ಟಿಐ ಹಾಕಿದೆ. ನಮ್ಮ ರಾಜ್ಯದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ. ತುಂಡು ಮಾಡಿ ಹನ್ನೊಂದು ಅರ್ಜಿ ಬರೆದೆ. ಒಂದು ಉಪವಿಭಾಗದಲ್ಲಿ ತಿರಸ್ಕಾರವಾದ ಅರಣ್ಯ ಹಕ್ಕಿನ ಅರ್ಜಿಗಳ ಕಡತ, ಸುಮಾರು 1,200 ಪುಟ, ಪುಟಕ್ಕೆ 2 ರೂಪಾಯಿ. ಮನೆಯ ಜಗಲಿಯಲ್ಲಿ ಹರಡಿಕೊಂಡು ಕೂತೆ. ಎಲ್ಲದರಲ್ಲೂ ಒಂದೇ ವಾಕ್ಯ, ಮೂರು ತಲೆಮಾರಿನ ದಾಖಲೆ ಇಲ್ಲ ಅಂತ. ಊರ ಹಿರಿಯರ ಹೇಳಿಕೆ ಲಗತ್ತಿಸಿದ್ದನ್ನು ಯಾರೂ ತಿರುಗಿಸಿಯೂ ನೋಡಿರಲಿಲ್ಲ. ಅದಕ್ಕಿಂತ ದೊಡ್ಡದು, ಆದೇಶ ಕೈಗೆ ಮುಟ್ಟಿದ್ದಕ್ಕೆ ಅರ್ಜಿದಾರರ ಸಹಿ ಎಲ್ಲೂ ಇಲ್ಲ.

ಪ್ರಶ್ನೆ ತಾನೇ ಹುಟ್ಟಿತು. (ಅ) ತಿರಸ್ಕಾರವಾದವು ಎಷ್ಟು? (ಆ) ಆದೇಶ ಮುಟ್ಟಿದ್ದಕ್ಕೆ ಸ್ವೀಕೃತಿ ಇರುವವು ಎಷ್ಟು? (ಇ) ಇಲ್ಲದಿದ್ದರೆ ಮೇಲ್ಮನವಿಯ 60 ದಿನ ಯಾವತ್ತಿನಿಂದ ಲೆಕ್ಕ?

ಚುಕ್ಕೆ ಗುರುತಿನ ಪ್ರಶ್ನೆ, ಅಂದರೆ ಮಂತ್ರಿಗಳು ಸದನದಲ್ಲೇ ಬಾಯಲ್ಲಿ ಉತ್ತರಿಸಬೇಕಾದದ್ದು, ಲಾಟರಿಯಲ್ಲಿ ಮೇಲೆ ಬರಲು, ಯಾವ ಇಲಾಖೆಯ ಸರದಿ ನೋಡಿ ಯಾವಾಗ ಕೊಡುತ್ತೇನೆ ಅನ್ನುವುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ.

ಅಚ್ಚಾದ ಆ ಉತ್ತರದ ಪ್ರತಿಯನ್ನು ಈಗ ಪ್ರತಿ ಮೇಲ್ಮನವಿಗೂ ಲಗತ್ತಿಸುತ್ತೇನೆ. ಆದೇಶ ಮುಟ್ಟಿದ್ದಕ್ಕೇ ದಾಖಲೆ ಇಲ್ಲದ ಮೇಲೆ ಅವಧಿ ಮೀರಿದೆ ಅಂತ ಯಾರೂ ಬಾಯಿ ಬಿಡುವ ಹಾಗಿಲ್ಲ. ಮುನ್ನೂರರ ಹತ್ತಿರ ಅರ್ಜಿಗಳು ಮತ್ತೆ ವಿಚಾರಣೆಗೆ ಬಂದಿವೆ.

ಅಡಿಕೆ ಕೊಳೆರೋಗದ ಪರಿಹಾರಕ್ಕೂ ಇದನ್ನೇ ಮಾಡಿ ನೋಡಿದೆ. ಗಡಿಬಿಡಿಯಲ್ಲಿ ಆರ್‌ಟಿಐ ಬಿಟ್ಟೆ. ತಾಲೂಕುವಾರು ಚಂದದ ಅನುಬಂಧ ಬಂತು, ಹಿಡಿಯಲು ಒಂದೂ ಕೊಕ್ಕೆ ಇಲ್ಲ.

ಖರ್ಚು? ಆರ್‌ಟಿಐಗೆ ಎರಡೂವರೆ ಸಾವಿರ. ಬೆಂಗಳೂರಿಗೆ ರಾತ್ರಿ ಬಸ್ಸು, ಊಟ, ಝೆರಾಕ್ಸ್ ಎಲ್ಲ ಸೇರಿ ಇಪ್ಪತ್ತು ದಾಟಿರಬೇಕು. ಜಾಸ್ತಿ ನೋವಾದದ್ದು ಕೈತಪ್ಪಿದ ಎರಡು ಪಾಲಿನ ದಾವೆಗಳದ್ದು. ಶಾಸಕರು ವಕೀಲಿ ಮಾಡಬಹುದು ಅಂತ 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ, ನಿಜ. ಕಕ್ಷಿದಾರರು ಒಪ್ಪಬೇಕಲ್ಲ! ‘ನಿಮ್ದು ರಾಜಕೀಯದ ಆಫೀಸು’ ಅಂತ ಫೈಲು ತೆಗೆದುಕೊಂಡು ಹೋದರು.

ಮೊನ್ನೆ ಅದೇ ಭಟ್ಟರು ಮೆಲ್ಲಗೆ ಬಂದು ಪ್ರಶ್ನೆಯ ನಮೂನೆ ಕೇಳಿದರು. (ಅ), (ಆ) ಕೊಟ್ಟೆ. (ಇ) ನೀವೇ ಬರೀರಿ ಅಂದೆ.