ಮಂಡಕ್ಕಿ ಅಳೆಯಲಿ, ಶೇಂಗಾ ಬಿಡಿಸಲಿ: ಮಗುವಿನ ಕೈ ಪಳಗುವುದು ಹೀಗೆ

ದಾವಣಗೆರೆಯಲ್ಲಿ ಮಂಡಕ್ಕಿ ಇಲ್ಲದ ಮನೆ ಹುಡುಕುವುದು ಕಷ್ಟ. ಮನೆಯಲ್ಲಿ ಮೂರರಿಂದ ಆರು ವರ್ಷದ ಮಗುವಿದ್ದರೆ ಆ ಮಂಡಕ್ಕಿ ಡಬ್ಬವೇ ಒಳ್ಳೆಯ ಆಟದ ಸಾಮಾನು. ದುಬಾರಿ ಆಟಿಕೆ ಕಲಿಸುವ ಎಷ್ಟೋ ವಿಷಯವನ್ನು ಅಡುಗೆಮನೆ ಪುಕ್ಕಟೆ ಕಲಿಸುತ್ತದೆ. ದೊಡ್ಡವರು ಅವಸರ ಮಾಡಬಾರದು, ಅಷ್ಟೆ.

ಮೊದಲು ಅಳತೆ. ಮಗುವಿನ ಮುಂದೆ ಮಂಡಕ್ಕಿ, ಒಂದು ಪಾವು, ಒಂದು ಅಗಲ ಪಾತ್ರೆ ಇಡಿ. ಚೆಲ್ಲುವುದು ಗ್ಯಾರಂಟಿ, ಕೆಳಗೆ ಹಳೇ ಬೆಡ್‌ಶೀಟ್ ಹಾಸಿ. ಪಾವಿನಿಂದ ಸುರಿಯುವಾಗ ಕಣ್ಣು, ಕೈ ಎರಡೂ ಹೊಂದಿಕೊಂಡು ಕೆಲಸ ಮಾಡಬೇಕು. ‘ಇನ್ನೆಷ್ಟು ಪಾವು ಹಿಡಿಯುತ್ತೆ?’ ಎಂದು ಕೇಳಿ. ತಪ್ಪು ಹೇಳಿದರೆ ತಿದ್ದಬೇಡಿ. ಸುರಿದು ನೋಡಲಿ.

ಆಮೇಲೆ ಶೇಂಗಾ. ನಾಲ್ಕು ದಾಟಿದ ಮಗುವಿಗೆ ಒಂದು ಹಿಡಿ ಕಾಯಿ ಕೊಟ್ಟು ಬಿಡಿಸಲು ಹೇಳಿ. ಸಿಪ್ಪೆ ಬಿರಿಯಬೇಕಾದರೆ ಹೆಬ್ಬೆರಳು, ತೋರುಬೆರಳು ಸೇರಿ ಗಟ್ಟಿಯಾಗಿ ಒತ್ತಬೇಕು. ಮುಂದೆ ಪೆನ್ಸಿಲ್ ಹಿಡಿಯುವುದೂ ಗುಂಡಿ ಹಾಕುವುದೂ ಈ ಬೆರಳುಗಳ ಬಲದಿಂದಲೇ. ಕಾಯಿ ತೀರಾ ಗಟ್ಟಿಯಿದ್ದರೆ ನೀವು ಸ್ವಲ್ಪ ಬಿರುಕು ಬಿಡಿಸಿ ಕೊಡಿ. ಒಂದು ಎಚ್ಚರಿಕೆ: ಐದು ವರ್ಷದೊಳಗಿನ ಮಕ್ಕಳ ಬಾಯಿಗೆ ಇಡೀ ಶೇಂಗಾ ಕಾಳು ಹೋಗಬಾರದು, ಶ್ವಾಸನಾಳದಲ್ಲಿ ಸಿಕ್ಕಿಕೊಳ್ಳುತ್ತದೆ. ಪುಡಿ ಮಾಡಿ ಕೊಡಿ. ತಮ್ಮನೋ ತಂಗಿಯೋ ತೆವಳುತ್ತಿದ್ದರೆ ಬಿದ್ದ ಕಾಳನ್ನೆಲ್ಲ ಆಗಲೇ ಆರಿಸಿಬಿಡಿ.

ಕೈ ಕೆಲಸದಲ್ಲಿದ್ದಾಗ ಮಾತು ಚೆನ್ನಾಗಿ ಬೆಳೆಯುತ್ತದೆ. ‘ಅಜ್ಜಿ, ಇದ್ರಾಗೆ ಮೂರು ಕಾಳು ಅದಾವೆ!’ ಎಂದರೆ ಸುಮ್ನೆ ‘ಹೂಂ’ ಅನ್ನಬೇಡಿ. ‘ಹೌದಾ? ನಂದ್ರಾಗೆ ಎರಡೇ ಐತಲ್ಲ, ಯಾಕಿರಬಹುದು?’ ಅನ್ನಿ. ಆಮೇಲೆ ಸ್ವಲ್ಪ ಕಾಯಿರಿ. ಮಗು ಯೋಚಿಸಿ ಮಾತು ಹುಡುಕಲು ನಮಗಿಂತ ಜಾಸ್ತಿ ಹೊತ್ತು ಬೇಕು. ಆ ಮೌನವನ್ನು ನಾವೇ ತುಂಬಿಬಿಡುತ್ತೇವೆ, ಅಲ್ವಾ?

ಬಿಸಿಲು ಇಳಿದ ಮೇಲೆ ಅಂಗಳಕ್ಕೆ ಬನ್ನಿ. ಸೀಮೆಸುಣ್ಣದಲ್ಲಿ ಕುಂಟೆಬಿಲ್ಲೆ ಮನೆ ಬರೆಯಿರಿ. ಒಂಟಿ ಕಾಲಲ್ಲಿ ಕುಂಟುವುದು ಸಾಮಾನ್ಯವಾಗಿ ನಾಲ್ಕರ ಆಸುಪಾಸಿಗೆ ಬರುತ್ತದೆ, ಚಿಕ್ಕವರು ಎರಡೂ ಕಾಲಲ್ಲಿ ಜಿಗಿಯಲಿ. ಜಿಗಿತಕ್ಕಿಂತ ಕಷ್ಟದ್ದು ಸರದಿ ಕಾಯುವುದು. ಗೆರೆ ತುಳಿದರೆ ಔಟ್ ಎಂದು ಒಪ್ಪುವುದು ಇನ್ನೂ ಕಷ್ಟ. ಜಗಳ ಆಗಲಿ ಬಿಡಿ, ಹೊಡೆದಾಟಕ್ಕೆ ಹೋದರೆ ಮಾತ್ರ ನಡುವೆ ಬನ್ನಿ. ರಜೆಯಲ್ಲಿ ಕುಂದವಾಡ ಕೆರೆ ಏರಿ ಮೇಲೆ ಓಡಿಸಿ. ಮೂರು–ನಾಲ್ಕು ವರ್ಷದವರಿಗೆ ದಿನಕ್ಕೆ 180 ನಿಮಿಷ ಮೈ ಆಡಿಸುವ ಚಟುವಟಿಕೆ ಬೇಕು, ಮೊಬೈಲ್–ಟಿವಿ 1 ಗಂಟೆ ಮೀರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ.

ಗುಂಡಿ, ಚಪ್ಪಲಿ ಪಟ್ಟಿ ಹಾಕಿಕೊಳ್ಳುವುದನ್ನು ಸಂಜೆ ಕಲಿಸಿ. ಸ್ಕೂಲ್ ವ್ಯಾನ್ ಹಾರ್ನ್ ಹೊಡೆಯುವಾಗ ಈ ಪಾಠ ಬೇಡ.

ಎಲ್ಲ ಮಕ್ಕಳೂ ಒಂದೇ ವೇಗದಲ್ಲಿ ಕಲಿಯುವುದಿಲ್ಲ. ಆದರೆ ಒಂದೂವರೆ ವರ್ಷವಾದರೂ ನಡೆಯದಿದ್ದರೆ, ಎರಡಾದರೂ ಎರಡು ಪದ ಕೂಡಿಸಿ ಮಾತಾಡದಿದ್ದರೆ, ಬರುತ್ತಿದ್ದ ಮಾತು ನಿಂತುಹೋದರೆ ‘ನಿಧಾನ ಬರ್ತೈತಿ ಬಿಡು’ ಎಂದು ಕೂರಬೇಡಿ. ಅಂಗನವಾಡಿ ಕಾರ್ಯಕರ್ತೆಗೆ ಹೇಳಿ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಅಂಗನವಾಡಿಗೇ ಬಂದು ಮಕ್ಕಳನ್ನು ಪರೀಕ್ಷೆ ಮಾಡುತ್ತದೆ. ತಂಡ ಬರುವುದು ತಡವಾಗುವಂತಿದ್ದರೆ ಮಕ್ಕಳ ಡಾಕ್ಟರ ಬಳಿ ಹೋಗಿ. ಮಗು ಮನೆಯಲ್ಲಿ ಏನೇನು ತಾನೇ ಮಾಡುತ್ತದೆ, ಯಾವುದಕ್ಕೆ ತಡವರಿಸುತ್ತದೆ ಎಂದು ಚೀಟಿಯಲ್ಲಿ ಬರೆದುಕೊಂಡು ಹೋದರೆ ಅವರಿಗೂ ಅನುಕೂಲ.