ಕೀ ತಿರುಗಿಸಿದರೆ ಬರೀ ‘ಟಕ್’: ಹೊಸ ಸ್ಟಾರ್ಟರ್ ಕೊಳ್ಳುವ ಮೊದಲು

ಹೊಸ ದೇಶಕ್ಕೆ ಬಂದ ನಮ್ಮವರಲ್ಲಿ ಹೆಚ್ಚಿನವರು ಮೊದಲು ಕೊಳ್ಳುವುದು ಬೇರೆಯವರು ಓಡಿಸಿದ ಹಳೆಯ ಕಾರು. ಅದು ಒಂದು ದಿನ ಮುನಿಯುತ್ತದೆ. ಮಕ್ಕಳು ಹಿಂದಿನ ಸೀಟಿನಲ್ಲಿ ಬೆಲ್ಟು ಹಾಕಿಕೊಂಡು ಕೂತಿರುತ್ತಾರೆ, ಕೀ ತಿರುಗಿಸಿದರೆ ‘ಟಕ್’ ಎನ್ನುತ್ತದೆ, ಅಷ್ಟೇ. ಕಾರನ್ನು ಎಳೆಸಿಕೊಂಡು ಗ್ಯಾರೇಜಿಗೆ ಹೋಗುತ್ತೇವೆ. ಅಲ್ಲಿಯವರು ‘ಸ್ಟಾರ್ಟರ್ ಹೋಗಿದೆ’, ಅಂದರೆ ಎಂಜಿನ್ನನ್ನು ಸುತ್ತಿಸಿ ಎಬ್ಬಿಸುವ ಮೋಟರ್ ಕೆಟ್ಟಿದೆ, ಎಂದರೆ ಭಾಷೆಯ ಹಿಂಜರಿಕೆಯಲ್ಲಿ ತಲೆಯಾಡಿಸಿ ದುಡ್ಡು ಕಟ್ಟಿ ಬರುತ್ತೇವೆ. ಕೆಲವು ದಿನಕ್ಕೆ ಮತ್ತೆ ಅದೇ ಟಕ್, ಯಾಕೆಂದರೆ ಕಾಯಿಲೆ ಇದ್ದದ್ದು ತುಕ್ಕು ಹಿಡಿದ ಕೇಬಲ್ಲಿನಲ್ಲಿ. ಹೊಸದಾಗಿ ಬಂದ ಸಂಸಾರಗಳ ಕಷ್ಟದ ದುಡ್ಡು ಹೀಗೆ ಹೋಗುವುದನ್ನು ನೋಡಿದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತದೆ.

ಇನ್ನು ವಿಷಯಕ್ಕೆ ಬರೋಣ.

ಮೊದಲು ಕಿವಿಗೊಟ್ಟು ಕೇಳಿ. ಟಕಟಕಟಕ ಎಂದು ಬೇಗಬೇಗ ಸದ್ದು ಬಂದರೆ ಬಹುಪಾಲು ಅದು ಬ್ಯಾಟರಿ ಇಳಿದಿರುವುದು, ಇಲ್ಲವೇ ಟರ್ಮಿನಲ್ (ಕೇಬಲ್ ಕೂರುವ ತುದಿ) ಸಡಿಲವಾಗಿರುವುದು. ಒಂದೇ ಒಂದು ಗಟ್ಟಿ ‘ಟಕ್’ ಬಂದು ಎಂಜಿನ್ ಅಲುಗದಿದ್ದರೆ ಸ್ಟಾರ್ಟರ್ ಮೇಲೆ ಅನುಮಾನ ಪಡಬಹುದು. ಗುಂಯ್ ಎಂದು ಮೋಟರ್ ತಿರುಗಿಯೂ ಎಂಜಿನ್ ಸುತ್ತದಿದ್ದರೆ ಪಿನಿಯನ್ (ಸ್ಟಾರ್ಟರಿನ ತುದಿಯ ಸಣ್ಣ ಹಲ್ಲುಚಕ್ರ) ಫ್ಲೈವೀಲಿನ (ಎಂಜಿನ್ನಿಗೆ ಜೋಡಿಸಿದ ದೊಡ್ಡ ಹಲ್ಲುಚಕ್ರ) ಹಲ್ಲಿಗೆ ಕೂತಿಲ್ಲ, ಅಥವಾ ಸ್ಟಾರ್ಟರಿನೊಳಗಿನ ಕ್ಲಚ್ ಜಾರುತ್ತಿದೆ. ಏನೂ ಸದ್ದಿಲ್ಲದಿದ್ದರೆ ಅವಸರ ಬೇಡ. ಆಟೋಮ್ಯಾಟಿಕ್ ಕಾರಾದರೆ ಗೇರನ್ನು ‘ಪಾರ್ಕ್’ನಿಂದ ‘ನ್ಯೂಟ್ರಲ್’ಗೆ ತಂದು ನೋಡಿ, ಮ್ಯಾನ್ಯುವಲ್ ಆದರೆ ಕ್ಲಚ್ಚನ್ನು ಪೂರ್ತಿ ಒತ್ತಿ. ಅಲ್ಲಿರುವ ಸಣ್ಣ ಸ್ವಿಚ್ಚು, ರಿಲೇ, ಫ್ಯೂಸು ಇವುಗಳಲ್ಲಿ ಯಾವುದು ಕೆಟ್ಟರೂ ಸ್ಟಾರ್ಟರಿಗೆ ಆಜ್ಞೆಯೇ ಮುಟ್ಟುವುದಿಲ್ಲ.

ಸ್ಟಾರ್ಟರಿನ ಮೈಮೇಲಿರುವ ಸೊಲೆನಾಯ್ಡ್‌ಗೆ ಎರಡು ಕೆಲಸ. ಪಿನಿಯನ್ನನ್ನು ಮುಂದಕ್ಕೆ ತಳ್ಳಿ ಫ್ಲೈವೀಲಿಗೆ ಜೋಡಿಸುವುದು ಒಂದು, ದಪ್ಪ ಕೇಬಲ್ಲಿನ ಕರೆಂಟನ್ನು ಮೋಟರಿಗೆ ಬಿಡುವುದು ಇನ್ನೊಂದು. ಆ ‘ಟಕ್’ ಅದರದ್ದೇ. ಸಾಮಾನ್ಯ ಪೆಟ್ರೋಲ್ ಕಾರಿನ ಎಂಜಿನ್ ಸುತ್ತಿಸಲು 100ರಿಂದ 200 ಆಂಪಿಯರ್ ಬೇಕು, ಡೀಸೆಲ್‌ಗೆ ಇನ್ನೂ ಹೆಚ್ಚು. ಇಷ್ಟು ಕರೆಂಟು ಹರಿಯುವ ದಾರಿಯಲ್ಲಿ ಬಿಳಿಹಸಿರು ಕಿಲುಬು ಒಂದು ಪದರ ಕೂತರೂ ಸಾಕು, ಮೋಟರಿಗೆ ಬಲ ಬರುವುದಿಲ್ಲ. ಚಳಿ ದೇಶಕ್ಕೆ ಬಂದವರಿಗೆ ಇನ್ನೊಂದು ಮಾತು. ಕೊರೆಯುವ ಚಳಿಯಲ್ಲಿ ಬ್ಯಾಟರಿಯ ಶಕ್ತಿ ಕುಗ್ಗುತ್ತದೆ, ಅದೇ ಹೊತ್ತಿಗೆ ಎಂಜಿನ್ ಆಯಿಲ್ ಗಟ್ಟಿಯಾಗಿ ಸುತ್ತುವುದಕ್ಕೆ ಹೆಚ್ಚು ಬಲ ಕೇಳುತ್ತದೆ. ಬೇಸಿಗೆಯಲ್ಲಿ ಸುಮ್ಮನಿದ್ದ ದೋಷ ಚಳಿಗಾಲದ ಮೊದಲ ವಾರದಲ್ಲಿ ಹೊರಬೀಳುವುದು ಹೀಗೆ.

ವೋಲ್ಟೇಜ್ ಅಳೆಯುವ ಒಂದು ಮಲ್ಟಿಮೀಟರ್ ಕೊಳ್ಳಿ. ದುಬಾರಿಯದ್ದು ಬೇಡ. ರಾತ್ರಿಯಿಡೀ ನಿಂತ ಕಾರಿನ ಬ್ಯಾಟರಿ 12.6 ವೋಲ್ಟ್ ಹತ್ತಿರ ತೋರಿಸಿದರೆ ತುಂಬಿದೆ. 12ಕ್ಕೆ ಇಳಿದಿದ್ದರೆ ಮೊದಲು ಚಾರ್ಜ್ ಮಾಡಿ. ಮನೆಯವರೊಬ್ಬರು ಕೀ ತಿರುಗಿಸಲಿ, ಹ್ಯಾಂಡ್‌ಬ್ರೇಕ್ ಹಾಕಿರಲಿ, ನಿಮ್ಮ ಕೈ ಬೆಲ್ಟು, ಫ್ಯಾನುಗಳಿಂದ ದೂರವಿರಲಿ. ಎಂಜಿನ್ ಸುತ್ತುವಾಗ ವೋಲ್ಟೇಜ್ 9.6ಕ್ಕಿಂತ ಕೆಳಗೆ ಬಿದ್ದರೆ ಬ್ಯಾಟರಿಯನ್ನು ಪರೀಕ್ಷೆಗೆ ಕೊಡಿ. ಬ್ಯಾಟರಿ ಚೆನ್ನಾಗಿದ್ದೂ ಎಂಜಿನ್ ನಿಧಾನವಾಗಿ ಸುತ್ತುತ್ತಿದ್ದರೆ ಮೀಟರಿನ ಒಂದು ತುದಿ ಬ್ಯಾಟರಿಯ ಪಾಸಿಟಿವ್ ಕಂಬಕ್ಕೆ, ಇನ್ನೊಂದು ತುದಿ ಸ್ಟಾರ್ಟರಿನ ದಪ್ಪ ಟರ್ಮಿನಲ್ಲಿಗೆ ಹಿಡಿದು ಮತ್ತೆ ಸುತ್ತಿಸಿ. ಅರ್ಧ ವೋಲ್ಟಿಗಿಂತ ಹೆಚ್ಚು ತೋರಿಸಿದರೆ ದೋಷ ಕೇಬಲ್ಲಿನದ್ದು. ನೆಗೆಟಿವ್ ಕಂಬದಿಂದ ಸ್ಟಾರ್ಟರಿನ ಮೈಗೂ ಹೀಗೆಯೇ ನೋಡಿ, ಅಲ್ಲಿ ಇನ್ನೂ ಕಡಿಮೆ ಇರಬೇಕು. ದಪ್ಪ ಕೇಬಲ್ಲಿನಲ್ಲೂ ಸೊಲೆನಾಯ್ಡಿನ ಸಣ್ಣ ವೈರಿನಲ್ಲೂ ಸರಿಯಾದ ವೋಲ್ಟೇಜ್ ಬಂದು, ಅರ್ತಿಂಗೂ (ಕರೆಂಟು ಬ್ಯಾಟರಿಯ ನೆಗೆಟಿವ್‌ಗೆ ಮರಳುವ ದಾರಿ) ಸರಿಯಿದ್ದು, ಎಂಜಿನ್ ಬಿಗಿದುಕೊಂಡಿಲ್ಲದೆ, ಆದರೂ ಮೋಟರ್ ತಿರುಗದಿದ್ದರೆ ಮಾತ್ರ ಸ್ಟಾರ್ಟರ್ ಹೋಗಿದೆ ಎಂದು ಧೈರ್ಯವಾಗಿ ಹೇಳಿ.

ಸ್ಟಾರ್ಟರಿನ ಮೈಗೆ ಮೆಲ್ಲಗೆ ತಟ್ಟಿದರೆ ಕೆಲವು ಸಲ ಕಾರು ಎದ್ದು ಕೂರುತ್ತದೆ. ಮೋಟರಿನೊಳಗೆ ಕರೆಂಟು ಮುಟ್ಟಿಸುವ ಕಾರ್ಬನ್ ಬ್ರಷ್ ಸವೆದಿದ್ದರೆ ಆ ಏಟಿಗೆ ಮತ್ತೆ ತಾಗಿಕೊಳ್ಳುತ್ತದೆ. ಅದು ಮನೆ ಮುಟ್ಟುವುದಕ್ಕೆ ದಾರಿಯೇ ಹೊರತು ರಿಪೇರಿ ಅಲ್ಲ. ತಳ್ಳಿ ಸ್ಟಾರ್ಟ್ ಮಾಡುವ ವಿದ್ಯೆ ನಮಗೆಲ್ಲ ಗೊತ್ತು, ಆದರೆ ಆಟೋಮ್ಯಾಟಿಕ್ ಗೇರಿನ ಕಾರಿಗೆ ಅದು ನಡೆಯುವುದಿಲ್ಲ. ಹೈಬ್ರಿಡ್ ಕಾರಾದರೆ ಇದ್ಯಾವುದಕ್ಕೂ ಹೋಗಬೇಡಿ. ಕಿತ್ತಳೆ ಬಣ್ಣದ ಕೇಬಲ್ಲಿನಲ್ಲಿ ಜೀವ ತೆಗೆಯುವ ವೋಲ್ಟೇಜ್ ಇರುತ್ತದೆ.

ಇಷ್ಟನ್ನು ನೋಡಿಕೊಂಡು ಗ್ಯಾರೇಜಿಗೆ ಹೋದವರ ಮಾತಿನ ಧಾಟಿಯೇ ಬೇರೆಯಾಗಿರುತ್ತದೆ. ವ್ಯಾಕರಣ ತಪ್ಪಿದರೂ ಚಿಂತೆಯಿಲ್ಲ, ‘ಬ್ಯಾಟರಿ 12.6, ಕೇಬಲ್ ಸರಿಯಿದೆ’ ಎಂದು ಹೇಳಿದ ಕೂಡಲೇ ಎದುರಿನವರು ನಿಮ್ಮನ್ನು ಸಮಾನರಂತೆ ನೋಡುತ್ತಾರೆ. ಪರದೇಶದಲ್ಲಿ ನಾವು ಕಳೆದುಕೊಂಡದ್ದರಲ್ಲಿ ದೊಡ್ಡದು ಇದು: ಕರೆದ ಕೂಡಲೇ ಬರುವ ಅಣ್ಣ, ಮಾವ, ಪಕ್ಕದ ಮನೆಯವರು. ಆ ಜಾಗವನ್ನು ನಾವು ಒಬ್ಬರಿಗೊಬ್ಬರು ತುಂಬಬೇಕು. ಸಂಕೋಚ ಬಿಟ್ಟು ಕರೆಯಿರಿ. ಕೆಲಸಕ್ಕೆ ಕೂತಾಗ ಮಕ್ಕಳನ್ನೂ ಜೊತೆಗೆ ಕರೆದುಕೊಳ್ಳಿ, ಟಾರ್ಚ್ ಹಿಡಿಯಲಿ. ಸ್ಪ್ಯಾನರ್ ಕೊಡು, ಬಲಕ್ಕೆ ತಿರುಗಿಸು, ಬಿಗಿಯಾಯಿತಾ ನೋಡು ಎನ್ನುವಾಗ ಅವರಿಗೆ ಸಿಗುವ ಕನ್ನಡ ಭಾನುವಾರದ ತರಗತಿಯಲ್ಲಿ ಸಿಗುವುದಿಲ್ಲ. ಆದರೆ ಕಾರಿನ ಕೆಳಗೆ ಮಾತ್ರ ಅವರು ಬರಬಾರದು.

ನೀವೇ ಬದಲಿಸುವುದಾದರೆ ಎಂಜಿನ್ ತಣ್ಣಗಾಗಲಿ. ಬ್ಯಾಟರಿಯ ನೆಗೆಟಿವ್ ಕೇಬಲ್ ಮೊದಲು ಬಿಚ್ಚಿ. ಈ ಒಂದು ಮಾತು ಮರೆತರೆ ಸ್ಪ್ಯಾನರ್ ಕಬ್ಬಿಣಕ್ಕೆ ತಾಗಿ ಕಿಡಿ ಹಾರುತ್ತದೆ, ಕೈ ಸುಡುತ್ತದೆ. ಕೆಳಗಿನಿಂದ ಬಿಚ್ಚಬೇಕಾದ ಕಾರಾದರೆ ಬರೀ ಜಾಕ್ ನಂಬಿ ನುಸುಳಬೇಡಿ, ಸಮತಟ್ಟಾದ ಗಟ್ಟಿ ನೆಲದಲ್ಲಿ ಜಾಕ್ ಸ್ಟ್ಯಾಂಡ್ ಕೊಡಿ. ವೈರುಗಳ ಫೋಟೋ ತೆಗೆದುಕೊಂಡು ಬಿಚ್ಚಿ. ಸಾಮಾನ್ಯವಾಗಿ ಎರಡೋ ಮೂರೋ ಬೋಲ್ಟು. ಸ್ಟಾರ್ಟರ್ ಭಾರದ ವಸ್ತು, ಕೊನೆಯ ಬೋಲ್ಟ್ ಬಿಡಿಸುವಾಗ ಕೈಯಲ್ಲಿ ಆನಿಸಿಕೊಳ್ಳಿ. ಸ್ಟಾರ್ಟರಿಗೂ ಎಂಜಿನ್ನಿಗೂ ನಡುವೆ ತೆಳು ತಗಡು ಇದ್ದರೆ ಅದನ್ನು ಹಾಗೇ ವಾಪಸ್ ಹಾಕಿ. ಹಳೆಯದು, ಹೊಸದು ಪಕ್ಕಪಕ್ಕ ಇಟ್ಟು ಹಲ್ಲುಗಳನ್ನೂ ಬೋಲ್ಟಿನ ತೂತುಗಳನ್ನೂ ಹೋಲಿಸಿ. ಫ್ಲೈವೀಲಿನ ಹಲ್ಲು ಒಂದು ಕಡೆ ತಿಂದುಹೋಗಿದ್ದರೆ ಹೊಸ ಸ್ಟಾರ್ಟರೂ ಬಾಳುವುದಿಲ್ಲ, ಎಂಜಿನ್ನನ್ನು ಕೈಯಿಂದ ತಿರುಗಿಸುತ್ತಾ ಪೂರ್ತಿ ಸುತ್ತು ನೋಡಿ. ಸ್ಟಾರ್ಟರ್ ಕೂರುವ ಜಾಗ ಉಜ್ಜಿ ಹೊಳೆಯುವಂತೆ ಮಾಡಿ, ಅರ್ತಿಂಗ್ ಸಾಮಾನ್ಯವಾಗಿ ಅಲ್ಲಿಂದಲೇ. ನೆಗೆಟಿವ್ ಕೇಬಲ್ ಕೊನೆಗೆ ಹಾಕಿ.

ಒಮ್ಮೆಗೆ ಹತ್ತು ಸೆಕೆಂಡಿಗಿಂತ ಹೆಚ್ಚು ಸುತ್ತಿಸಬೇಡಿ, ನಡುವೆ ಒಂದೆರಡು ನಿಮಿಷ ಆರಲು ಬಿಡಿ. ಎಂಜಿನ್ ಹಿಡಿದ ಮೇಲೂ ಕಿರ್ರ್ ಸದ್ದು ನಿಲ್ಲದಿದ್ದರೆ ತಕ್ಷಣ ಆಫ್ ಮಾಡಿ, ಪಿನಿಯನ್ ಹಿಂದಕ್ಕೆ ಬಂದಿಲ್ಲ. ಹಳೆಯ ಸ್ಟಾರ್ಟರ್ ಬಿಸಾಡಬೇಡಿ. ಎಷ್ಟೋ ಬಿಡಿಭಾಗದ ಅಂಗಡಿಗಳು ಅದನ್ನು ವಾಪಸ್ ಪಡೆದು, ಬಿಲ್ಲಿನಲ್ಲಿ ಸೇರಿಸಿದ್ದ ಠೇವಣಿಯನ್ನು ಹಿಂದಿರುಗಿಸುತ್ತವೆ. ಬಿಲ್ಲು ಜೋಪಾನ.